ಶಂಕು ಬಸವನಹುಳು: ಈಟಿ ಹಿಡಿದ ಬೇಟೆಗಾರ

ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ಗಿರಗಾಂವ್ ಚೌಪಾಟಿಗೆ ಕಾಲುನಡಿಗೆಯಲ್ಲಿ ಕಾಲುಗಂಟೆ ಸಾಕು. ಸಮುದ್ರ ಇಷ್ಟು ಮಗ್ಗುಲಲ್ಲೇ ಇದ್ದರೂ ಅದರೊಳಗೆ ಏನೇನು ಬಾಳುತ್ತಿದೆ ಎಂದು ತಿಳಿಯುವ ಗೊಡವೆಗೆ ನಾವು ಹೋಗುವುದು ಕಡಿಮೆ. ಬಂಗುಡೆಯ ಧಾರಣೆ ನಮಗೆ ಬಾಯಿಪಾಠ. ಬಂಗುಡೆಯ ನೆರೆಹೊರೆಯವರು ಯಾರೆಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತೇವೆ. 2013ರ ಗಣೇಶ ವಿಸರ್ಜನೆಯ ಸಮಯದಲ್ಲಿ ಚೌಪಾಟಿಯ ನೀರಿಗಿಳಿದ ಹಲವಾರು ಮಂದಿಗೆ ತೊರಕೆ ಮೀನು ಚುಚ್ಚಿ, ಅವರನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ನಮ್ಮ ಮೊಣಕಾಲುದ್ದದ ನೀರಿನಲ್ಲೂ ವಿಷದ ಮುಳ್ಳುಗಳು ಉಂಟೆಂಬ ಸಂಗತಿ ಅಂದು ಊರಿಗೆಲ್ಲ ತಿಳಿಯಿತು. ತೊರಕೆಗಾದರೂ ಬಾಲವುಂಟು, ಮುಳ್ಳುಂಟು, ನೋಡಿದರೆ ಭಯವಾಗುತ್ತದೆ. ಈ ಪಾಠದಲ್ಲಿ ನಾವು ಹೇಳಹೊರಟಿರುವುದು ನೋಡಿದರೆ ಎತ್ತಿ ಮುದ್ದಿಸಬೇಕೆನಿಸುವ ಒಂದು ಪ್ರಾಣಿಯ ವಿಷಯ. ಅದು ಬಸವನಹುಳು.

ಬಸವನಹುಳುವೆಂದರೆ ಸಾಧುವಿಗೆ, ನಿಧಾನಕ್ಕೆ ಇನ್ನೊಂದು ಹೆಸರು. ಮಳೆಗಾಲದಲ್ಲಿ ಬಾಳೆಯ ಬುಡದಲ್ಲಿ ತೆವಳುವುದನ್ನೂ, ಗದ್ದೆಯ ನೀರಿನ ನರ್ತೆಯನ್ನೂ ಊರಿನಲ್ಲಿ ಎಲ್ಲರೂ ಕಂಡಿದ್ದೇವೆ. ಅವು ಎಲೆ, ಪಾಚಿ ಮೇಯುತ್ತವೆ. ಆದರೆ ಕಡಲಿನ ಬಸವನಹುಳುಗಳಲ್ಲಿ ಎಷ್ಟೋ ಕುಲಗಳು ಮಾಂಸಾಹಾರಿಗಳು. ನಾವು ದೇವರ ಮುಂದೆ ಊದುವ ಶಂಖವೂ ಒಂದು ಬಸವನಹುಳುವಿನ ಮನೆಯೇ; ಆ ಪ್ರಾಣಿ ಮರಳಿನೊಳಗಿನ ಹುಳುಗಳನ್ನು ತಿಂದು ಬದುಕುವಂಥದು. ಶಂಖಕ್ಕೂ ನಮ್ಮ ಇಂದಿನ ವಿಷಯಕ್ಕೂ ಹೆಸರಿನಲ್ಲಿ ಗೊಂದಲವಾಗದಿರಲಿ. ಶಂಖ ಬೇರೆ, ಶಂಕು ಬೇರೆ. ಶಂಕುವೆಂದರೆ ರೇಖಾಗಣಿತದಲ್ಲಿ ಬರುವ, ಒಂದು ಕಡೆ ಅಗಲವಾಗಿ ಇನ್ನೊಂದು ಕಡೆ ಮೊನಚಾಗುವ ಆಕೃತಿ. ಶೇಂಗಾ ಮಾರುವವನು ಕಾಗದ ಸುತ್ತಿ ಕೊಡುವ ಪೊಟ್ಟಣದ ಆಕಾರ. ಈ ಪ್ರಾಣಿಯ ಚಿಪ್ಪು ಹಾಗೆಯೇ ಇರುವುದರಿಂದ ಶಂಕು ಬಸವನಹುಳು ಎಂಬ ಹೆಸರು. ಶಾಸ್ತ್ರಜ್ಞರು ಕೋನಸ್ ಎನ್ನುತ್ತಾರೆ. ಜಗತ್ತಿನ ಬಿಸಿನೀರಿನ ಸಮುದ್ರಗಳಲ್ಲಿ ಇದರ ಎಂಟುನೂರಕ್ಕೂ ಮೇಲ್ಪಟ್ಟು ಜಾತಿಗಳನ್ನು ಗುರುತಿಸಿದ್ದಾರೆ. ಇವುಗಳಲ್ಲಿ ವಿಷವಿಲ್ಲದ್ದು ಒಂದೂ ಇಲ್ಲ.

ಚಿಪ್ಪಿನ ಅಗಲವಾದ ತುದಿಯಲ್ಲಿ ಸುರುಳಿ, ಉದ್ದಕ್ಕೂ ಒಂದು ಇಕ್ಕಟ್ಟಾದ ಸೀಳು, ಮೊನಚಾದ ತುದಿಯೇ ಪ್ರಾಣಿಯ ಮುಂಭಾಗ. ಬಣ್ಣಗಳ ಚೆಲುವನ್ನು ಏನೆಂದು ಹೇಳೋಣ! ಒಂದರ ಮೇಲೆ ಅಮೃತಶಿಲೆಯ ಹಾಗೆ ಕಪ್ಪಿನ ನಡುವೆ ಬಿಳಿಯ ಚುಕ್ಕೆಗಳು. ಇನ್ನೊಂದರ ಮೇಲೆ ಜರಿಸೀರೆಯಂತೆ ಹೊಂಬಣ್ಣದ ತ್ರಿಕೋನಗಳ ನೇಯ್ಗೆ. ಅದಕ್ಕೆ 1758ರಲ್ಲಿ ಲಿನ್ನೇಯಸ್ ಪಂಡಿತ ಕೊಟ್ಟ ಹೆಸರೇ ಬಟ್ಟೆಯನ್ನು ಸೂಚಿಸುವ ‘ಟೆಕ್ಸ್‌ಟೈಲ್’. ಮೂರನೆಯದರ ಮೇಲೆ ಭೂಪಟದಲ್ಲಿ ದೇಶಗಳನ್ನು ಬಿಡಿಸಿದಂಥ ಕಂದು ಕಲೆಗಳು; ಅದು ‘ಜಿಯಾಗ್ರಫಸ್’. ಆದರೆ ಈ ಬೆಡಗೆಲ್ಲ ತೊಳೆದಿಟ್ಟ ಚಿಪ್ಪಿನದು. ಜೀವಂತವಾಗಿರುವಾಗ ಬಹುಪಾಲು ಜಾತಿಗಳ ಮೈಮೇಲೆ ಕಂದುಬಣ್ಣದ ಸಿಪ್ಪೆಯಂಥ ಹೊದಿಕೆಯಿದ್ದು, ಅದಕ್ಕೆ ಪಾಚಿ ಹತ್ತಿ, ಕಲ್ಲೋ ಚಿಪ್ಪೋ ತಿಳಿಯದಂತೆ ಇರುತ್ತದೆ. ಹಗಲಲ್ಲಿ ಕಲ್ಲಿನಡಿ, ಮರಳಿನಲ್ಲಿ ಹುದುಗಿ ಕೂತಿದ್ದು, ರಾತ್ರಿ ಬೇಟೆಗೆ ಹೊರಡುತ್ತದೆ.

ತೆವಳುವ ಪ್ರಾಣಿ ಈಜುವ ಮೀನನ್ನು ಹಿಡಿಯುವುದುಂಟೇ ಎಂದು ಯಾರೂ ಕೇಳಬಹುದು. ಶಾಸ್ತ್ರಜ್ಞರೂ ಬಹುಕಾಲ ನಂಬಿರಲಿಲ್ಲ. ಅಮೆರಿಕದ ಅಲನ್ ಕೋನ್ ಎಂಬ ವಿದ್ವಾಂಸರು (ಹೆಸರೂ ಕೋನ್, ಹಿಡಿದ ವಿಷಯವೂ ಕೋನ್!) ಹವಾಯಿ ದ್ವೀಪದಲ್ಲಿ ಈ ಪ್ರಾಣಿಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕಿ ನೋಡಿ, ಕೆಲವು ಜಾತಿಗಳು ಜೀವಂತ ಮೀನನ್ನೇ ಚುಚ್ಚಿ ನುಂಗುತ್ತವೆ ಎಂದು 1956ರಲ್ಲಿ ಪ್ರಕಟಿಸಿದರು. ಮುಂದೆ 1978ರಲ್ಲಿ ಭಾರತದ ಶಂಕು ಬಸವನಹುಳುಗಳನ್ನು ಕುರಿತೂ ಅವರೇ ಒಂದು ವಿಸ್ತಾರವಾದ ಪ್ರಬಂಧ ಬರೆದರು.

ಈಗ ಆಯುಧದ ವಿಚಾರ. ಸಾಮಾನ್ಯ ಬಸವನಹುಳುವಿನ ಬಾಯಲ್ಲಿ ಅರದಂಥ ಒಂದು ಪಟ್ಟಿ ಇರುತ್ತದೆ, ಅದರ ಮೇಲೆ ಸಾಲುಸಾಲಾಗಿ ಸೂಕ್ಷ್ಮ ಹಲ್ಲುಗಳು. ಪಾಚಿಯನ್ನು ಕೆರೆದು ತಿನ್ನಲು ಅದು ಸಾಕು. ಶಂಕು ಬಸವನಹುಳುವಿನಲ್ಲಿ ಈ ಪಟ್ಟಿಯೇ ಮಾಯವಾಗಿದೆ. ಒಂದೊಂದು ಹಲ್ಲೂ ಬಿಡಿಬಿಡಿಯಾಗಿ, ಉದ್ದವಾಗಿ, ಸುರುಳಿ ಸುತ್ತಿದ ಕಾಗದದಂತೆ ಒಳಗೆ ಪೊಳ್ಳಾಗಿ, ತುದಿಯಲ್ಲಿ ಗಾಳದ ಮುಳ್ಳನ್ನು ಹೊತ್ತ ಈಟಿಯಾಗಿದೆ. ಸಿಗಡಿಯ ಓಡಿನಲ್ಲಿರುವ ಕೈಟಿನ್ ಎಂಬ ಗಟ್ಟಿ ವಸ್ತುವಿನಿಂದಲೇ ಇದೂ ಆದದ್ದು. ಡಾಕ್ಟರು ಚುಚ್ಚುವ ಸೂಜಿಯನ್ನೂ, ಬೆಸ್ತರ ಭರ್ಜಿಯನ್ನೂ ಒಂದುಗೂಡಿಸಿದರೆ ಹೇಗೋ ಹಾಗೆ. ಇಂಥ ಹಲ್ಲುಗಳ ಒಂದು ಬತ್ತಳಿಕೆಯೇ ಒಳಗಿರುತ್ತದೆ. ಒಂದು ಹಲ್ಲನ್ನು ಒಮ್ಮೆ ಮಾತ್ರ ಬಳಸುವುದು. ಮುಂದಿನ ಬೇಟೆಗೆ ಹೊಸದು. ಇನ್ನೊಂದು ಕಡೆ ಸುರುಳಿ ಸುರುಳಿಯಾಗಿ ಮಡಿಚಿಟ್ಟ ಬಹಳ ಉದ್ದದ ನಾಳವುಂಟು. ವಿಷ ತಯಾರಾಗುವುದು ಅದರಲ್ಲಿ. ನಾಳದ ಕೊನೆಯಲ್ಲಿ ಮಾಂಸದ ಉಂಡೆಯೊಂದು. ಅದು ಹಿಂಡಿತೆಂದರೆ ವಿಷ ಹಲ್ಲಿನ ಪೊಳ್ಳಿನ ಮೂಲಕ ಬೇಟೆಯ ಮೈಯೊಳಗೆ.

ಪ್ರಾಣಿಯ ಮುಂಭಾಗದಲ್ಲಿ ನೀರನ್ನೆಳೆಯುವ ಒಂದು ನಳಿಗೆ. ಆ ನೀರಿನ ವಾಸನೆಯಿಂದಲೇ ಅದಕ್ಕೆ ಮೀನು ಸಮೀಪ ಬಂದ ಸುದ್ದಿ ತಿಳಿಯುತ್ತದೆ. ಆಮೇಲೆ ಸಣ್ಣ ಸೊಂಡಿಲೊಂದು ಮೆಲ್ಲಮೆಲ್ಲನೆ ಹೊರಬರುತ್ತದೆ; ಅದರ ತುದಿಯಲ್ಲಿ ಒಂದು ಹಲ್ಲು ಸಿದ್ಧವಾಗಿರುತ್ತದೆ. ಸೊಂಡಿಲು ಮೀನಿಗೆ ತಾಗಿದ್ದೇ ತಡ, ಹಲ್ಲು ಚಿಮ್ಮಿ ನಾಟುತ್ತದೆ. ಎವೆಯಿಕ್ಕುವಷ್ಟು ಹೊತ್ತೂ ಬೇಡ. ಮೀನು ಸೆಟೆದು ನಿಲ್ಲುತ್ತದೆ, ರೆಕ್ಕೆಗಳು ನಿಮಿರುತ್ತವೆ, ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಗಾಳಕ್ಕೆ ಸಿಕ್ಕ ಮೀನನ್ನು ದಾರ ಹಿಡಿದು ಎಳೆಯುವಂತೆ ಸೊಂಡಿಲು ಅದನ್ನು ಬಾಯೊಳಕ್ಕೆ ಎಳೆದುಕೊಳ್ಳುತ್ತದೆ. ನಿಧಾನದ ಪ್ರಾಣಿಗೆ ಇಷ್ಟು ತೀವ್ರವಾದ ವಿಷ ಏಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಹಾವು ಕಚ್ಚಿದ ಇಲಿ ನೂರು ಮಾರು ಓಡಿ ಸತ್ತರೂ ಹಾವು ಹಿಂಬಾಲಿಸಿ ಹುಡುಕೀತು. ಚುಚ್ಚಿಸಿಕೊಂಡ ಮೀನು ಹತ್ತು ಮೊಳ ಈಜಿಬಿಟ್ಟರೆ ಬಸವನಹುಳುವಿಗೆ ಅಂದು ಉಪವಾಸ.

ಭೂಪಟದ ಚಿಪ್ಪಿನ ಜಿಯಾಗ್ರಫಸ್ ಇನ್ನೂ ಬೇರೊಂದು ಉಪಾಯ ಬಲ್ಲದು. ಅದು ತನ್ನ ಬಾಯಿಯ ಅಂಚನ್ನು ಬಲೆಯಂತೆ ಅಗಲವಾಗಿ ಹರಡಿ, ಕಲ್ಲಿನ ಸಂದಿಯಲ್ಲಿ ಮಲಗಿದ ಮೀನುಗಳನ್ನು ಅನಾಮತ್ತಾಗಿ ಒಳಕ್ಕೆ ತೆಗೆದುಕೊಂಡು, ಆಮೇಲೆ ಚುಚ್ಚುತ್ತದೆ. ಮೀನುಗಳು ಗಾಬರಿಯಾಗಿ ಓಡುವುದಿಲ್ಲವೇಕೆ? 2015ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದ ಸಂಶೋಧಕರು ಇದಕ್ಕೊಂದು ಕಾರಣ ಕೊಟ್ಟರು. ಈ ಪ್ರಾಣಿಯ ವಿಷದಲ್ಲಿ ಇನ್ಸುಲಿನ್ ಉಂಟು, ಅದೂ ಮೀನಿನ ಇನ್ಸುಲಿನ್ನನ್ನು ಹೋಲುವಂಥದು. ಅದು ಮೀನಿನ ರಕ್ತದ ಸಕ್ಕರೆಯನ್ನು ಒಮ್ಮೆಲೇ ಇಳಿಸುತ್ತದೆ. ಮೀನು ಮಂಕಾಗಿ ನಿಂತುಬಿಡುತ್ತದೆ. ಸಿಹಿಮೂತ್ರ ರೋಗಕ್ಕೆ ಇನ್ಸುಲಿನ್ ಚುಚ್ಚಿಸಿಕೊಳ್ಳುವವರು, ಊಟ ತಪ್ಪಿದಾಗ ಬೆವರಿ ತಲೆ ತಿರುಗುವುದು ಏನೆಂದು ಬಲ್ಲರು. ಅದೇ ಅಸ್ತ್ರವನ್ನು ಈ ಹುಳು ಬೇಟೆಗೆ ಹೂಡಿದೆ. ಮೇಲಾಗಿ, ಈ ಇನ್ಸುಲಿನ್ ಬಹು ಚಿಕ್ಕದು, ಬಹು ಬೇಗ ಕೆಲಸಮಾಡುವಂಥದು. ಇದೇ ಮಾದರಿಯಲ್ಲಿ ಮನುಷ್ಯರಿಗೂ ಬೇಗ ಹಿಡಿಯುವ ಇನ್ಸುಲಿನ್ ಮಾಡಬಹುದೇ ಎಂಬ ಪ್ರಯೋಗಗಳು ಅಂದಿನಿಂದ ನಡೆದಿವೆ.

ಎಲ್ಲ ಶಂಕು ಬಸವನಹುಳುಗಳೂ ಮೀನು ತಿನ್ನುತ್ತವೆಂದಲ್ಲ. ಬಹುಪಾಲು ಜಾತಿಗಳು ಹುಳುಗಳನ್ನೂ, ಇನ್ನು ಕೆಲವು ತಮ್ಮ ದಾಯಾದಿಗಳಾದ ಇತರ ಬಸವನಹುಳುಗಳನ್ನೂ ತಿನ್ನುತ್ತವೆ. ನಮ್ಮ ಮುಂಬಯಿಯ ಕಲ್ಲುಬಂಡೆಯ ದಡಗಳಲ್ಲಿ ಇಳಿತದ ಹೊತ್ತಿಗೆ ಕಾಣಸಿಗುವುದು ಹೆಚ್ಚಾಗಿ ಹುಳು ತಿನ್ನುವ ಸಣ್ಣ ಜಾತಿಗಳು. ಇವು ಚುಚ್ಚಿದರೆ ಜೇನ್ನೊಣ ಕಡಿದಷ್ಟು ಉರಿಯಬಹುದು. ಪ್ರಾಣಾಪಾಯ ಮಾಡಬಲ್ಲದ್ದೆಂದು ಹೆಸರಾದದ್ದು ಜಿಯಾಗ್ರಫಸ್. ಜರಿಸೀರೆಯ ಟೆಕ್ಸ್‌ಟೈಲನ್ನೂ ನಂಬುವಂತಿಲ್ಲ. ಜಿಯಾಗ್ರಫಸ್‌ನ ನೆಲೆ ಲಕ್ಷದ್ವೀಪ, ಅಂಡಮಾನ್‌ಗಳಂಥ ಹವಳದ ಸಮುದ್ರ. ಲಕ್ಷದ್ವೀಪವೆಂದರೆ ಎಲ್ಲಿಯೋ ದೂರವೆಂದು ಮಂಗಳೂರಿನ ಕಡೆಯವರು ತಿಳಿಯಬೇಕಾಗಿಲ್ಲ. ಅಲ್ಲಿಯ ಅಮೀನಿ, ಕಡಮತ್, ಕಿಲ್ತಾನ್ ಮೊದಲಾದ ದ್ವೀಪಗಳು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೇ ಸೇರಿದ್ದವು. ಈಗ ಪ್ರವಾಸಕ್ಕೆಂದು ಅಲ್ಲಿಗೂ ಅಂಡಮಾನಿಗೂ ಹೋಗುವವರು ಹೆಚ್ಚಿದ್ದಾರೆ.

ಮನುಷ್ಯನಿಗೆ ಇದರಿಂದಾದ ಕೇಡಿನ ಲಿಖಿತ ದಾಖಲೆ ಹಳೆಯದು. ಪೂರ್ವದ್ವೀಪಗಳಲ್ಲಿ ಡಚ್ಚರ ಸೇವೆಯಲ್ಲಿದ್ದ ರಂಫಿಯಸ್ ಎಂಬ ಪಂಡಿತನ ಗ್ರಂಥ 1705ರಲ್ಲಿ ಪ್ರಕಟವಾಯಿತು. ಬಾಂಡಾ ದ್ವೀಪದಲ್ಲಿ ಬಲೆ ಎಳೆಯುತ್ತಿದ್ದ ಒಬ್ಬ ಗುಲಾಮ ಹೆಂಗಸು ಸಿಕ್ಕಿದ ಚಿಪ್ಪೊಂದನ್ನು ಕೈಯಲ್ಲಿ ಹಿಡಿದುಕೊಂಡಳೆಂದೂ, ಕೈ ಸ್ವಲ್ಪ ತುರಿಸಿದಂತಾಗಿ ಅಲ್ಲಿಯೇ ಸತ್ತಳೆಂದೂ ಅದರಲ್ಲಿದೆ. 1935ರಲ್ಲಿ ಆಸ್ಟ್ರೇಲಿಯದ ಹೇಮನ್ ದ್ವೀಪದಲ್ಲಿ ತರುಣನೊಬ್ಬ ಜಿಯಾಗ್ರಫಸ್ ಚಿಪ್ಪನ್ನು ಅಂಗೈಯಲ್ಲಿಟ್ಟುಕೊಂಡು ಚಾಕುವಿನಿಂದ ಅದರ ಸಿಪ್ಪೆ ಕೆರೆಯುತ್ತಿದ್ದಾಗ ಚುಚ್ಚಿಸಿಕೊಂಡ. ಸುಮಾರು ಐದು ಗಂಟೆಗಳಲ್ಲಿ ತೀರಿಹೋದ. ಮೇಲೆ ಹೇಳಿದ ಅಲನ್ ಕೋನ್ ಅವರು 2016ರಲ್ಲಿ ಜಗತ್ತಿನ ದಾಖಲೆಗಳನ್ನೆಲ್ಲ ಒಟ್ಟುಗೂಡಿಸಿದಾಗ ಸುಮಾರು 140 ಪ್ರಕರಣಗಳು ಸಿಕ್ಕವು. ಅವುಗಳಲ್ಲಿ ಮೂವತ್ತಕ್ಕೂ ಹೆಚ್ಚು ಸಾವುಗಳು. ಮುನ್ನೂರು ವರ್ಷಗಳಿಗೆ ಈ ಲೆಕ್ಕ ದೊಡ್ಡದಲ್ಲ. ನಮ್ಮ ಲೋಕಲ್ ರೈಲಿನ ಬಾಗಿಲಿಗೆ ಹೋಲಿಸಿದರೆ ಶಂಕು ಬಸವನಹುಳು ಪಾಪದ ಪ್ರಾಣಿಯೇ. ಆದರೆ ಸತ್ತವರ ಕಥೆಗಳನ್ನು ಓದಿದರೆ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಅವರು ಚಿಪ್ಪು ಚೆಲುವಾಗಿದೆಯೆಂದು ಎತ್ತಿಕೊಂಡಿದ್ದರು.

ಚುಚ್ಚಿದಾಗ ಕೆಲವೊಮ್ಮೆ ನೋವೇ ತಿಳಿಯುವುದಿಲ್ಲ. ಮೊದಲು ಆ ಜಾಗ ಜೋಮು ಹಿಡಿದಂತಾಗುತ್ತದೆ. ಜೋಮು ತುಟಿಗೆ, ಮುಖಕ್ಕೆ ಹಬ್ಬುತ್ತದೆ. ಕಣ್ಣು ಮಂಜಾಗಿ, ಮಾತು ತೊದಲಿ, ಉಗುಳು ನುಂಗಲಾಗದೆ, ಕೈಕಾಲು ಸೋತುಬಿಡುತ್ತವೆ. ಕಡೆಗೆ ಉಸಿರಾಡಿಸುವ ಸ್ನಾಯುಗಳೇ ನಿಲ್ಲುತ್ತವೆ. ಇದಕ್ಕೆ ಹಾವಿನ ವಿಷಕ್ಕಿರುವಂತೆ ಪ್ರತಿವಿಷದ ಮದ್ದು ಇಲ್ಲ. ಅದಾಗ್ಯೂ ಭರವಸೆಯ ಸಂಗತಿಯೊಂದುಂಟು. ವಿಷ ಕಾಲಕ್ರಮದಲ್ಲಿ ತಾನೇ ಇಳಿಯುತ್ತದೆ; ಅಲ್ಲಿಯವರೆಗೆ ರೋಗಿಯ ಉಸಿರು ನಡೆಯುವಂತೆ ನೋಡಿಕೊಂಡರೆ ಜೀವ ಉಳಿಯುತ್ತದೆ. ಆದುದರಿಂದ ಚುಚ್ಚಿಸಿಕೊಂಡವರನ್ನು ನಡೆದಾಡಿಸಬಾರದು. ಚುಚ್ಚಿದ ಕೈಯನ್ನೋ ಕಾಲನ್ನೋ ಅಗಲವಾದ ಬಟ್ಟೆಯ ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ದಬ್ಬೆ ಕಟ್ಟಿ, ಅಲುಗಾಡದಂತೆ ಮಾಡಿ, ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ರಕ್ತ ನಿಲ್ಲುವಂತೆ ಹುರಿಯಿಂದ ಕಟ್ಟುವುದು, ಗಾಯ ಕೊಯ್ಯುವುದು, ಬಾಯಿಂದ ಹೀರುವುದು, ಇವು ಯಾವುವೂ ಕೂಡದು. ದಾರಿಯಲ್ಲಿ ಉಸಿರು ನಿಂತರೆ ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತಲೇ ಇರಬೇಕು. ರೋಗಿ ಅಲುಗಾಡದೆ ಬಿದ್ದಿದ್ದರೂ ಅವನಿಗೆ ಎಚ್ಚರವಿರಬಹುದು, ಸತ್ತನೆಂದು ಕೈಬಿಡಬಾರದು.

ಅಗಲವಾದ ತುದಿಯಿಂದ ಹಿಡಿದರೆ ಅಪಾಯವಿಲ್ಲವೆಂದು ಹೇಳುವವರಿದ್ದಾರೆ. ನಂಬಬೇಡಿರಿ. ಸೊಂಡಿಲು ಹಿಂದಕ್ಕೆ ಬಾಗಿ ಚಿಪ್ಪಿನ ಬಹುಭಾಗವನ್ನು ಮುಟ್ಟಬಲ್ಲದು. ಹಲ್ಲು ತೆಳುವಾದ ಬಟ್ಟೆಯನ್ನೂ ದಾಟುವುದರಿಂದ ಜೇಬಿಗೆ ಹಾಕಿಕೊಳ್ಳುವುದೂ ಕ್ಷೇಮವಲ್ಲ.

ಇಷ್ಟೆಲ್ಲ ಕೊಲ್ಲುವ ಸಾಮಗ್ರಿಯಿಂದ ಮನುಷ್ಯನಿಗೆ ಔಷಧ ದೊರೆತ ಬಗೆ ಇನ್ನೂ ಸ್ವಾರಸ್ಯವಾದದ್ದು. ಫಿಲಿಪ್ಪೀನ್ಸ್ ದೇಶದ ಬಾಲ್ಡೊಮೆರೊ ಒಲಿವೆರಾ ಎಂಬವರು ಚಿಕ್ಕಂದಿನಲ್ಲಿ ಚಿಪ್ಪು ಕೂಡಿಸುವ ಹವ್ಯಾಸದವರು. ಅಮೆರಿಕದಲ್ಲಿ ಓದಿ ಮನಿಲಾಕ್ಕೆ ಹಿಂತಿರುಗಿದಾಗ ಅವರ ಪ್ರಯೋಗಶಾಲೆಯಲ್ಲಿ ಬೆಲೆಬಾಳುವ ಸಲಕರಣೆಗಳಿರಲಿಲ್ಲ. ಹಾಗಾದರೆ ಊರಿನಲ್ಲೇ ಸಿಗುವ ವಸ್ತುವಿನ ಮೇಲೆ ಕೆಲಸ ಮಾಡೋಣವೆಂದು, ಲೂರ್ದೆಸ್ ಕ್ರೂಸ್ ಎಂಬ ಸಹೋದ್ಯೋಗಿಯೊಡನೆ ಶಂಕು ಬಸವನಹುಳುವಿನ ವಿಷವನ್ನು ಹಿಡಿದರು. ಬಡತನ ಒಂದೊಂದು ಸಲ ಒಳ್ಳೆಯ ದಾರಿಗೇ ನೂಕುತ್ತದೆ. ಮುಂದೆ ಅವರು ಯೂಟಾ ವಿಶ್ವವಿದ್ಯಾನಿಲಯಕ್ಕೆ ಹೋದ ಮೇಲೆ ಕೆಲಸ ಕುದುರಿತು. ಅಲ್ಲಿ ವಿದ್ಯಾರ್ಥಿಯೊಬ್ಬನು ವಿಷವನ್ನು ಅಂಶ ಅಂಶವಾಗಿ ಬೇರ್ಪಡಿಸಿ ಇಲಿಯ ಮೆದುಳಿಗೆ ನೇರವಾಗಿ ಕೊಟ್ಟು ನೋಡಿದ. ಒಂದು ಅಂಶ ಇಲಿಯನ್ನು ನಿದ್ರೆಗೆ ಕೆಡವಿತು, ಇನ್ನೊಂದು ಅದನ್ನು ನಡುಗಿಸಿತು, ಹೀಗೆ ಒಂದೊಂದಕ್ಕೆ ಒಂದೊಂದು ಚರ್ಯೆ! ವಿಷವೆಂದರೆ ಒಂದೇ ವಸ್ತುವಲ್ಲ, ನೂರಾರು ಚಿಕ್ಕ ಪ್ರೋಟೀನು ತುಣುಕುಗಳ ಮಿಶ್ರಣ ಎಂದು ತಿಳಿದುಬಂತು. ಅವುಗಳಿಗೆ ಕೋನೋಟಾಕ್ಸಿನ್ ಎಂದು ಹೆಸರು.

ಇವು ಕೆಲಸಮಾಡುವ ರೀತಿಯನ್ನು ಹೀಗೆ ತಿಳಿಯಬಹುದು. ನಮ್ಮ ನರಗಳ ಮೇಲೆ ಲಕ್ಷಾಂತರ ಸೂಕ್ಷ್ಮ ಕದಗಳಿವೆ. ಸೋಡಿಯಂ ಹೋಗುವುದಕ್ಕೆ ಒಂದು ಬಗೆ, ಕ್ಯಾಲ್ಸಿಯಂಗೆ ಇನ್ನೊಂದು ಬಗೆ. ಕದ ತೆರೆದು ಮುಚ್ಚುವುದರಿಂದಲೇ ನರದ ಸಂದೇಶ ಮುಂದೆ ಸಾಗುವುದು. ಒಂದೊಂದು ಕೋನೋಟಾಕ್ಸಿನ್ನೂ ಒಂದೊಂದು ಬಗೆಯ ಕದಕ್ಕೇ ಹೇಳಿಮಾಡಿಸಿದ ಬೀಗ. ಮೀನು ತಿನ್ನುವ ‘ಮೇಗಸ್’ ಎಂಬ ಜಾತಿಯ ವಿಷದಲ್ಲಿ ಕ್ಯಾಲ್ಸಿಯಂನ ಒಂದು ಬಗೆಯ ಕದಕ್ಕೆ ಬೀಗ ಹಾಕುವ ತುಣುಕನ್ನು ಹೈಸ್ಕೂಲು ಮುಗಿಸಿ ಆಗತಾನೆ ಬಂದಿದ್ದ ಮೈಕೆಲ್ ಮೆಕಿಂಟಾಷ್ ಎಂಬ ಹುಡುಗ ಒಲಿವೆರಾ ಅವರ ಪ್ರಯೋಗಶಾಲೆಯಲ್ಲಿ ಹುಡುಕಿ ತೆಗೆದ. ಮನುಷ್ಯನ ಬೆನ್ನುಹುರಿಯಲ್ಲಿ ನೋವಿನ ಸಂದೇಶ ಮೆದುಳಿಗೆ ಹೋಗುವುದು ಇದೇ ಕದದಿಂದ. ಆ ತುಣುಕನ್ನೇ ಕಾರ್ಖಾನೆಯಲ್ಲಿ ಕೃತಕವಾಗಿ ತಯಾರಿಸಿ ಜಿಕೊನೊಟೈಡ್ ಎಂಬ ಔಷಧ ಮಾಡಿದರು. ಅಮೆರಿಕದ ಸರಕಾರ 2004ರ ಡಿಸೆಂಬರಿನಲ್ಲಿ ಅದಕ್ಕೆ ಅನುಮತಿಯಿತ್ತಿತು. ಮಾರ್ಫಿನ್ನಿಗೂ ಜಗ್ಗದ ಕ್ಯಾನ್ಸರಿನಂಥ ನೋವಿಗೆ ಇದನ್ನು ಸಣ್ಣ ಪಂಪಿನ ಮೂಲಕ ಬೆನ್ನುಹುರಿಯ ಸುತ್ತಲಿನ ನೀರಿಗೆ ಹನಿಹನಿಯಾಗಿ ಬಿಡುತ್ತಾರೆ. ಅಫೀಮಿನ ಮದ್ದುಗಳಂತೆ ಇದು ಚಟವಾಗುವುದಿಲ್ಲ. ಆದರೆ ತಲೆ ತಿರುಗುವುದು, ಮನಸ್ಸು ಕಲಕುವುದು ಮುಂತಾದ ತೊಂದರೆಗಳಿರುವುದರಿಂದ ಬೇರೆ ಯಾವುದೂ ನಾಟದ ರೋಗಿಗಳಿಗೆ ಮಾತ್ರ ಕೊಡುವುದು.

ಈ ವಿದ್ಯೆಯಲ್ಲಿ ನಮ್ಮ ದೇಶದವರೂ ಹಿಂದುಳಿದಿಲ್ಲ. ಅದರಲ್ಲಿ ಮುಂಬಯಿಗೂ ಬೆಂಗಳೂರಿಗೂ ಪಾಲುಂಟೆಂಬುದು ನಮಗೆ ಎರಡು ಪಟ್ಟು ಸಂತೋಷ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ನರವಿಜ್ಞಾನಿ ಕೆ. ಎಸ್. ಕೃಷ್ಣನ್ (ಇದೇ ಹೆಸರಿನ ಭೌತವಿಜ್ಞಾನಿ ಬೇರೆ) ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಬಲರಾಮ್ ಸಂಗಡಿಗರೊಡನೆ ಕೂಡಿ ಭಾರತದ ಪೂರ್ವ ಕರಾವಳಿಯ ಶಂಕು ಬಸವನಹುಳುಗಳನ್ನು ಅಭ್ಯಸಿಸಿದರು. ‘ಅಮಾಡಿಸ್’ ಎಂಬ ಜಾತಿಯ ವಿಷದಿಂದ 26 ಅಮೈನೋ ಆಮ್ಲಗಳ ಒಂದು ತುಣುಕನ್ನು ಬೇರ್ಪಡಿಸಿ 2003ರಲ್ಲಿ ಪ್ರಕಟಿಸಿದರು. ಇದರ ಗುಣ ಬೀಗದ್ದಲ್ಲ, ಬಾಗಿಲಿಗೆ ಕೊಟ್ಟ ಅಡ್ಡಗಲ್ಲಿನದು: ಸೋಡಿಯಂನ ಕದ ಒಮ್ಮೆ ತೆರೆದರೆ ಮುಚ್ಚಿಕೊಳ್ಳದಂತೆ ಮಾಡುತ್ತದೆ. ಬಲರಾಮ್ ಅವರು ಮುಂದೆ 2005ರಿಂದ 2014ರವರೆಗೆ ಆ ಸಂಸ್ಥೆಯ ನಿರ್ದೇಶಕರಾಗಿದ್ದರು.

ಇನ್ನು ಚಿಪ್ಪಿನ ಆಸೆಯ ಮಾತು. ಹಿಂದಿನ ಕಾಲದ ಯುರೋಪಿನ ಸಿರಿವಂತರಿಗೆ ಇದರ ಹುಚ್ಚು ಬಹಳವಿತ್ತು. ರೆಂಬ್ರಾಂಟ್ ಎಂಬ ಮಹಾ ಚಿತ್ರಕಾರ 1650ರಲ್ಲಿ ಅಮೃತಶಿಲೆಯ ಬಣ್ಣದ ಶಂಕುಚಿಪ್ಪಿನದೊಂದು ಅಚ್ಚಿನ ಚಿತ್ರ ಮಾಡಿದ. ತಗಡಿನ ಮೇಲೆ ಕಂಡಂತೆಯೇ ಕೊರೆದದ್ದರಿಂದ ಕಾಗದದ ಮೇಲೆ ಸುರುಳಿ ತಿರುಗುಮುರುಗಾಗಿ ಬಂತು. ಸಹಿಯನ್ನು ಮಾತ್ರ ಸರಿಯಾಗಿ ಬರುವಂತೆ ಉಲ್ಟಾ ಕೊರೆದಿದ್ದ! 1796ರಲ್ಲಿ ಹಾಲೆಂಡಿನ ಒಂದು ಹರಾಜಿನಲ್ಲಿ ಅಪರೂಪದ ಶಂಕುಚಿಪ್ಪೊಂದು ವರ್ಮೀರನ ವರ್ಣಚಿತ್ರಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬೆಲೆಗೆ ಹೋಯಿತು. ಈಗ ಆ ಚಿತ್ರಕ್ಕೆ ಬೆಲೆ ಕಟ್ಟುವವರೇ ಇಲ್ಲ.

ಅಂಥದೊಂದು ಅಪರೂಪದ ಚಿಪ್ಪು ನಮ್ಮ ಅರಬ್ಬೀ ಸಮುದ್ರದ್ದೇ ಆಗಿದೆ. ಸಮುದ್ರದಡಿಯ ತಂತಿ ಹಾಕುತ್ತಿದ್ದ ‘ಪ್ಯಾಟ್ರಿಕ್ ಸ್ಟೀವರ್ಟ್’ ಹಡಗಿನ ಕಪ್ತಾನ ಟೌನ್ಸೆಂಡ್, ತಂತಿಯ ಕೆಲಸದ ನಡುವೆ ಆಳದಿಂದ ಬಂದ ಚಿಪ್ಪುಗಳನ್ನೆಲ್ಲ ಕೂಡಿಸಿಡುತ್ತಿದ್ದ. ಅವುಗಳಲ್ಲಿ ಗೋಪುರದಂತೆ ಎತ್ತರದ ಸುರುಳಿಯ, ಬಿಳಿಯ ಮೇಲೆ ಕೆಂಗಂದು ಬಲೆಯ ಒಂದು ಶಂಕುಚಿಪ್ಪನ್ನು 1899ರಲ್ಲಿ ಇಂಗ್ಲೆಂಡಿನ ಮೆಲ್ವಿಲ್ ಮತ್ತು ಸ್ಟ್ಯಾಂಡನ್ ಹೊಸ ಜಾತಿಯೆಂದು ವರ್ಣಿಸಿದರು. ಆದರೆ ಅದೇ ಜಾತಿಗೆ 1894ರಲ್ಲೇ ಫ್ರಾನ್ಸಿನ ಜೂಸೋಮ್ ‘ಮಿಲ್ನೆಎಡ್ವರ್ಡ್ಸಿ’ ಎಂದು ನಾಮಕರಣ ಮಾಡಿಯಾಗಿತ್ತು. ಶಾಸ್ತ್ರದಲ್ಲಿ ಮೊದಲಿಟ್ಟ ಹೆಸರಿಗೇ ಮನ್ನಣೆ. ಚಿಪ್ಪು ಕೂಡಿಸುವವರು ಇದನ್ನು ‘ಭಾರತದ ವೈಭವ’ ಎಂದು ಕರೆಯುತ್ತಾರೆ. 2001ರಲ್ಲಿ ಭಾರತ ಸರಕಾರವು ಇದನ್ನು 1972ರ ವನ್ಯಜೀವಿ ಸಂರಕ್ಷಣ ಕಾಯಿದೆಯ ಮೊದಲನೆಯ ಪಟ್ಟಿಗೆ, ಹುಲಿ ಆನೆಗಳ ಸಾಲಿಗೆ, ಸೇರಿಸಿತು. ಇದನ್ನು ಹಿಡಿಯುವುದೂ ಮಾರುವುದೂ ಅಪರಾಧ.

ರಜೆಗೆ ಊರಿಗೆ ಹೋಗಿ ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಕ್ಕೆ ಮಕ್ಕಳನ್ನು ಕರೆದೊಯ್ಯುವವರು ಅನೇಕರು. ಅಲ್ಲಿಯ ದಡವೇ ಚಿಪ್ಪುಗಳಿಗೆ ಹೆಸರಾದದ್ದು. ಅಲೆ ತಂದು ಒಣಮರಳಿನ ಮೇಲೆ ಎಸೆದ, ಬಿಸಿಲಿಗೆ ಬೆಳ್ಳಗಾದ ಸವೆದ ಚಿಪ್ಪನ್ನು ಮಕ್ಕಳು ನೋಡಿದರೆ ಬಾಧೆಯಿಲ್ಲ. ನೀರಿನೊಳಗೆ, ಕಲ್ಲಿನಡಿಯಲ್ಲಿ, ಒದ್ದೆ ಮರಳಿನಲ್ಲಿ ಹೂತುಕೊಂಡಿರುವ ಶಂಕುವಿನಾಕಾರದ್ದನ್ನು ಮಾತ್ರ ಕೈಯಿಂದ ಮುಟ್ಟಗೊಡಬೇಡಿರಿ. ಚಿಪ್ಪು ನಡೆದಾಡುತ್ತಿದ್ದರೆ ಒಳಗಿರುವುದು ಸನ್ಯಾಸಿ ಏಡಿಯೂ ಆಗಿರಬಹುದು. ಅದು ಕಾಲುಗಳಿಂದ ಓಡುತ್ತದೆ, ಬಸವನಹುಳು ಜಾರುತ್ತದೆ. ಯಾವುದೆಂದು ತಿಳಿಯಲು ಎರಡು ಮಾರು ದೂರದಲ್ಲಿ ಕೂತು ಐದು ನಿಮಿಷ ನೋಡುತ್ತಿದ್ದರೆ ಸಾಕು.